ಫ್ಯಾನಿನ ಮೇಲೆ ದಾನಿಯ ಹೆಸರು, ಅನುದಾನದ ಲೆಕ್ಕ ಎಲ್ಲಿ?

ಕಾರ್ಕಳದಿಂದ ಕುದುರೆಮುಖದ ಕಡೆಗೆ ಹೊರಟರೆ ಘಟ್ಟ ಹತ್ತುವ ಮುನ್ನ ಸಿಗುವ ಪೇಟೆ ಬಜಗೋಳಿ. ಇದರ ಸುತ್ತಲಿನ ಊರುಗಳಿಗೆ ಲೆಕ್ಕ ಕೇಳುವುದಾಗಲಿ ಹೇಳುವುದಾಗಲಿ ಹೊಸದೇನಲ್ಲ. ಹಾಲಿನ ಸೊಸೈಟಿಯ ಮಹಾಸಭೆಯಲ್ಲಿ ಜಮಾ-ಖರ್ಚು ಓದುವಾಗ ಬೋನಸ್ಸಿನಲ್ಲಿ ನಾಲ್ಕು ಪೈಸೆ ಕಡಿಮೆಯಾದರೂ ಎದ್ದು ನಿಂತು ಕೇಳುವವರಿದ್ದಾರೆ. ದೇವಸ್ಥಾನದ ಬ್ರಹ್ಮಕಲಶೋತ್ಸವ ಮುಗಿದ ಮೇಲೆ ಚಪ್ಪರದ ಬಾಡಿಗೆಯಿಂದ ಅನ್ನಸಂತರ್ಪಣೆಯ ತೆಂಗಿನಕಾಯಿವರೆಗೆ ಲೆಕ್ಕ ಒಪ್ಪಿಸದಿದ್ದರೆ ಊರವರು ಸಮಿತಿಯನ್ನು ಬಿಡುವುದಿಲ್ಲ. ಸ್ವಸಹಾಯ ಸಂಘದ ಹೆಂಗಸರು ವಾರವಾರವೂ ಉಳಿತಾಯ, ಸಾಲ, ಬಡ್ಡಿಯನ್ನು ಪುಸ್ತಕಕ್ಕೆ ಹತ್ತಿಸುತ್ತಾರೆ. ಇದೇ ಜನ ಸರ್ಕಾರಿ ಪ್ರಾಥಮಿಕ ಶಾಲೆಯ ಪೋಷಕರ ಸಭೆಯಲ್ಲಿ ಕೂತರೆ ಮಾತ್ರ ಬಾಯಿ ಬಿಡುವುದಿಲ್ಲ. ಕೇಳಿದರೆ, “ಅದೆಲ್ಲ ಮಾಸ್ಟ್ರಿಗೆ ಗೊತ್ತುಂಟಲ್ಲ” ಎನ್ನುತ್ತಾರೆ.

ಪೋಷಕರಿಗೆ ತಿಳಿವಳಿಕೆ ಸಾಲದು ಎಂಬುದು ಶಿಕ್ಷಣ ಇಲಾಖೆಯ ಎಂದಿನ ವಿವರಣೆ. ಅದಕ್ಕೇ ತರಬೇತಿಗಳು, ಕೈಪಿಡಿಗಳು, ಸುತ್ತೋಲೆಗಳು. ಆದರೆ ಸೊಸೈಟಿಯ ಲೆಕ್ಕ ಅರ್ಥವಾಗುವವರಿಗೆ ಶಾಲೆಯ ಲೆಕ್ಕ ಅರ್ಥವಾಗುವುದಿಲ್ಲ ಎಂದರೆ ಕೊರತೆ ಇರುವುದು ಕೇಳುವವರಲ್ಲಲ್ಲ, ಹೇಳುವ ಕ್ರಮದಲ್ಲಿ. ಶಾಲೆಗೆ ಬರುವ ಸರ್ಕಾರಿ ಹಣವನ್ನೂ ಅದರ ಹೊಣೆಯನ್ನೂ ನಾವು ಪೋಷಕರಿಗೆ ವಿವರಿಸುತ್ತಿರುವ ಪದ್ಧತಿಯನ್ನು ಈ ಕಾರಣಕ್ಕಾಗಿಯೇ ವಿಮರ್ಶೆಗೆ ಒಡ್ಡಬೇಕಾಗಿದೆ.

ಮೊದಲಿಗೆ ಮೆಚ್ಚಬೇಕಾದ್ದನ್ನು ಮೆಚ್ಚೋಣ. ಶಾಲೆಯ ಆಡಳಿತದಲ್ಲಿ ಪೋಷಕರಿಗೆ ಜಾಗ ಕೊಡುವುದರಲ್ಲಿ ಕರ್ನಾಟಕ ಹಿಂದೆ ಬಿದ್ದಿರಲಿಲ್ಲ. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಸಲಹೆಯ ಮೇಲೆ 2001ರಲ್ಲಿಯೇ ಇಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ನಮ್ಮೆಲ್ಲರ ಬಾಯಲ್ಲಿ ಓಡಾಡುವ ಎಸ್‌ಡಿಎಂಸಿ, ಹುಟ್ಟಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ಕಾಯ್ದೆಯ 21ನೇ ಕಲಮಿನಂತೆ ಸಮಿತಿಯ ಸದಸ್ಯರಲ್ಲಿ ನಾಲ್ಕನೇ ಮೂರು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಸರ್ಕಾರದಿಂದಲೋ ಪಂಚಾಯತಿನಿಂದಲೋ ಬೇರೆ ಯಾವ ಮೂಲದಿಂದಲೋ ಬಂದ ಹಣ ಹೇಗೆ ಖರ್ಚಾಗಿದೆ ಎಂದು ನೋಡುವುದು ಈ ಸಮಿತಿಯ ಕೆಲಸ. ಬೀಡಿ ಕಟ್ಟಿ ಸಂಸಾರ ತೂಗಿಸುವ ತಾಯಿಯೊಬ್ಬಳಿಗೆ ಕಾನೂನು ಲೆಕ್ಕ ಪರಿಶೀಲನೆಯ ಅಧಿಕಾರ ಕೊಟ್ಟಿರುವುದು ಸಣ್ಣ ಮಾತಲ್ಲ.

ಆದರೆ ಆ ಅಧಿಕಾರ ಸಭೆಯಲ್ಲಿ ಬಳಕೆಯಾಗುವ ರೀತಿ ನೋಡಿ. ಸಮವಸ್ತ್ರ ಬಂತು, ಮಕ್ಕಳ ಆಧಾರ್ ಜೋಡಣೆ ಬಾಕಿಯಿದೆ, ಸ್ವಾತಂತ್ರ್ಯೋತ್ಸವಕ್ಕೆ ಲಾಡು ಯಾರು ಕೊಡುತ್ತಾರೆ — ಇಷ್ಟಾಗುವಾಗ ಹೊತ್ತು ಮುಗಿದಿರುತ್ತದೆ. ಹಣದ ವಿಷಯ ಒಂದೇ ವಾಕ್ಯದಲ್ಲಿ ಬರುತ್ತದೆ: “ಅನುದಾನ ಬಂದಿದೆ, ನಿಯಮದಂತೆ ಖರ್ಚಾಗಿದೆ.” ನಡಾವಳಿ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ, ಎಲ್ಲರೂ ಸಹಿ ಹಾಕುತ್ತಾರೆ. ಇದರಲ್ಲಿ ಮೋಸವಿದೆ ಎಂದು ನಾನು ಹೇಳುತ್ತಿಲ್ಲ. ಹೆಚ್ಚಿನ ಕಡೆ ಮುಖ್ಯ ಶಿಕ್ಷಕರೇ ಕೈಯಿಂದ ದುಡ್ಡು ಹಾಕಿ ಆಮೇಲೆ ಅನುದಾನಕ್ಕೆ ಕಾಯುತ್ತಾರೆ. ಆದರೆ ಬಳಕೆ ಪ್ರಮಾಣಪತ್ರ, ವೋಚರ್, ಕ್ಯಾಶ್ ಬುಕ್ ಇವೆಲ್ಲ ತಯಾರಾಗುವುದು ಮೇಲಿನ ಕಚೇರಿಗಾಗಿ. ಅದೇ ಕಾಗದವನ್ನು ಪೋಷಕರಿಗೆ ಅವರು ಕೇಳುವ ಕ್ರಮದಲ್ಲಿ ಹೇಳಲು ಯಾರಿಗೂ ಪುರುಸೊತ್ತಿಲ್ಲ, ಹೇಳಬೇಕೆಂಬ ಒತ್ತಾಯವೂ ಇಲ್ಲ.

ಹೇಳುವುದು ಅಷ್ಟು ಕಷ್ಟವೇ? ಅರವತ್ತು ಮಕ್ಕಳ ಒಂದು ಕಿರಿಯ ಪ್ರಾಥಮಿಕ ಶಾಲೆ ಎಂದಿಟ್ಟುಕೊಳ್ಳಿ. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಮೂವತ್ತರೊಳಗೆ ಮಕ್ಕಳಿದ್ದರೆ ವರ್ಷಕ್ಕೆ 10,000 ರೂಪಾಯಿ, ನೂರರವರೆಗೆ 25,000, ಇನ್ನೂರೈವತ್ತರವರೆಗೆ 50,000. ಕೇಂದ್ರದ್ದು ನೂರಕ್ಕೆ 60, ರಾಜ್ಯದ್ದು 40. ನಮ್ಮ ಶಾಲೆಗೆ 25,000 ಎಂದಾಯಿತು. ಅದರಲ್ಲಿ ಕನಿಷ್ಠ ಹತ್ತನೇ ಒಂದು ಪಾಲು, 2,500 ರೂಪಾಯಿ, ಸ್ವಚ್ಛತೆಗೆ. ಉಳಿದದ್ದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 1,875. ಸೀಮೆಸುಣ್ಣ, ರಿಜಿಸ್ಟರು, ಕೆಟ್ಟ ನಲ್ಲಿ, ಮಳೆಗಾಲದಲ್ಲಿ ಒಡೆದ ಹಂಚು, ಪಂಪಿನ ರಿಪೇರಿ ಎಲ್ಲವೂ ಇದರಲ್ಲೇ. ಐದು ನಿಮಿಷದ ಲೆಕ್ಕ. ಇದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದರೆ ಪೋಷಕರು ಎರಡು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಇಷ್ಟರಲ್ಲಿ ಹೇಗೆ ಸಾಕಾಗುತ್ತದೆ, ಈ ವರ್ಷ ಮೊದಲು ಯಾವುದನ್ನು ಸರಿಮಾಡುವುದು? ಶಾಲಾಭಿವೃದ್ಧಿ ಯೋಜನೆ ಹುಟ್ಟಬೇಕಾದ್ದು ಈ ಎರಡು ಪ್ರಶ್ನೆಗಳಿಂದಲೇ.

ಬಿಸಿಯೂಟದ ತಟ್ಟೆಯನ್ನೇ ಮುಂದಿಟ್ಟು ವಿವರಿಸಿದರೆ ಇನ್ನೂ ಸುಲಭ. ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ. ಅದರ ವೆಚ್ಚ ಪೂರ್ತಿ ಕೇಂದ್ರದ್ದು. ಬೇಳೆ, ತರಕಾರಿ, ಎಣ್ಣೆ, ಸಾಂಬಾರ ಪದಾರ್ಥ, ಗ್ಯಾಸಿಗೆಂದು 2025ರ ಮೇ 1ರಿಂದ ಮಗುವಿಗೆ 6 ರೂಪಾಯಿ 78 ಪೈಸೆ. ಇದರಲ್ಲಿ ಕೇಂದ್ರದ ಪಾಲು 4.07, ರಾಜ್ಯದ ಪಾಲು 2.71. ಅರವತ್ತು ಮಕ್ಕಳೂ ಬಂದ ದಿನ ಆರು ಕಿಲೊ ಅಕ್ಕಿ, 406 ರೂಪಾಯಿ 80 ಪೈಸೆ. 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ರಾಜ್ಯದ್ದು. ಮೊಟ್ಟೆ ವಾರದಲ್ಲಿ ಎರಡು ದಿನ ಸರ್ಕಾರದ ಹಣದಲ್ಲಿ, 2024ರ ಸೆಪ್ಟೆಂಬರಿನಿಂದ ಉಳಿದ ನಾಲ್ಕು ದಿನ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಹಣದಲ್ಲಿ. ದೆಹಲಿ, ಬೆಂಗಳೂರು, ಒಂದು ಖಾಸಗಿ ಪ್ರತಿಷ್ಠಾನ ಮೂರೂ ಒಂದೇ ತಟ್ಟೆಯಲ್ಲಿ ಸೇರುತ್ತವೆ. ಸಾರು ತೆಳ್ಳಗಾಗಿದ್ದರೆ ಅಡುಗೆಯಕ್ಕನನ್ನು ಗದರಿಸುವ ಪೋಷಕರಿಗೆ, ಪೇಟೆಯ ತರಕಾರಿ ದರ ಏರಿದ ವಾರದಲ್ಲಿ ಈ ಏಳು ರೂಪಾಯಿಯೊಳಗಿನ ಲೆಕ್ಕ ಗೊತ್ತಿದ್ದರೆ ಗದರಿಕೆ ಬೇರೆಲ್ಲಿಗೆ ಹೋಗಬೇಕೆಂದು ತಿಳಿಯುತ್ತದೆ. ಲೆಕ್ಕ ಗೊತ್ತಿದ್ದೂ ಸಾರು ದಿನವೂ ತೆಳ್ಳಗೇ ಇದ್ದರೆ ಅಡುಗೆಮನೆಯ ದಾಸ್ತಾನು ಪುಸ್ತಕ ಕೇಳುವ ಧೈರ್ಯವೂ ಬರುತ್ತದೆ.

ಈಗಿನ ಪದ್ಧತಿಯ ದೊಡ್ಡ ದೋಷ ಬೇರೆಯೇ ಇದೆ. ನಾವು ಪೋಷಕರಿಗೆ ಕಾವಲು ಕೊಟ್ಟಿರುವುದು ಸೀಮೆಸುಣ್ಣದ ಹಣಕ್ಕೆ. ಸರ್ಕಾರ ಶಾಲೆಯ ಮೇಲೆ ಮಾಡುವ ಅತಿದೊಡ್ಡ ಖರ್ಚು ಶಿಕ್ಷಕರ ಸಂಬಳ. ಒಬ್ಬ ಕಾಯಂ ಶಿಕ್ಷಕರ ಒಂದು ತಿಂಗಳ ಸಂಬಳವೇ ನಮ್ಮ ಶಾಲೆಯ ಇಡೀ ವರ್ಷದ 25,000ವನ್ನು ಮೀರುತ್ತದೆ. ಅದು ಖಜಾನೆಯಿಂದ ನೇರವಾಗಿ ಹೋಗುವುದರಿಂದ ಎಸ್‌ಡಿಎಂಸಿ ಪುಸ್ತಕದಲ್ಲಿ ಅದರ ಸುಳಿವೇ ಇಲ್ಲ. ಕಾಯ್ದೆಯ ಪ್ರಕಾರ ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು, ತೊಂಬತ್ತರವರೆಗೆ ಮೂವರು ಶಿಕ್ಷಕರು ಬೇಕು. ಒಬ್ಬರ ಹುದ್ದೆ ವರ್ಷಗಟ್ಟಲೆ ಖಾಲಿ ಬಿದ್ದರೆ ಆ ಮಕ್ಕಳಿಗೆ ಸಲ್ಲಬೇಕಾಗಿದ್ದ ಲಕ್ಷಾಂತರ ರೂಪಾಯಿ ಸಲ್ಲಲಿಲ್ಲ ಎಂದರ್ಥ. ನಮ್ಮ ಕರಾವಳಿಯಲ್ಲಿ ಆಗುವುದೇನು? ಹಳೆ ವಿದ್ಯಾರ್ಥಿಗಳು, ಎಸ್‌ಡಿಎಂಸಿಯವರು ಸೇರಿ ಹಣ ಒಟ್ಟು ಮಾಡಿ ಒಬ್ಬ ಗೌರವ ಶಿಕ್ಷಕಿಯನ್ನು ನೇಮಿಸುತ್ತಾರೆ. ಪಾಠ ನಡೆಯುತ್ತದೆ, ಸಂತೋಷ. ಆದರೆ ಖಾಲಿ ಹುದ್ದೆ ಕಣ್ಣಿಗೆ ಕಾಣದಂತಾಗುತ್ತದೆ. ಸರ್ಕಾರದ ಹೊಣೆ ಊರಿನ ಉದಾರತೆಯಲ್ಲಿ ಕರಗಿಹೋಗುತ್ತದೆ.

ಇಲ್ಲಿಗೆ ದಾನದ ಮಾತೂ ಬಂತು. ನಮ್ಮ ಜಿಲ್ಲೆಗಳ ಶಾಲೆಗಳಲ್ಲಿ ಹೆಚ್ಚಿನವು ಊರವರ ಜಾಗ, ಊರವರ ಶ್ರಮದಿಂದಲೇ ಎದ್ದವು. ಈಗಲೂ ಮುಂಬಯಿಯಲ್ಲಿ ಹೋಟೆಲು ನಡೆಸುವವರು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ಊರ ಶಾಲೆಯನ್ನು ಮರೆತಿಲ್ಲ. ಫ್ಯಾನಿನ ಎಲೆಯ ಮೇಲೆ, ಕಪಾಟಿನ ಬಾಗಿಲ ಮೇಲೆ, ರಂಗಮಂದಿರದ ಗೋಡೆಯ ಮೇಲೆ ದಾನಿಗಳ ಹೆಸರಿದೆ. ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ, ಹಣದ ಮೊತ್ತವನ್ನೂ ಸೇರಿಸಿ ವಾಚಿಸುತ್ತಾರೆ. ಇದರ ಫಲವಾಗಿ ಮಕ್ಕಳ, ಪೋಷಕರ ಮನಸ್ಸಿನಲ್ಲಿ ಶಾಲೆ ಪುಣ್ಯಾತ್ಮರಿಂದ ನಡೆಯುವ ಸಂಸ್ಥೆಯಾಗಿ ಉಳಿದಿದೆ. ಅಂಗಡಿಯಲ್ಲಿ ಸೋಪು ಕೊಂಡಾಗ ತಾವೇ ಕೊಟ್ಟ ತೆರಿಗೆಯ ಹಣವೂ ಇಲ್ಲಿಗೆ ಬರುತ್ತದೆ ಎಂಬುದು ಹೊಳೆಯುವುದೇ ಇಲ್ಲ. ದಾನಿಗೆ ಕೈಮುಗಿಯಬಹುದು, ಲೆಕ್ಕ ಕೇಳಲಾಗದು. ಸರ್ಕಾರಕ್ಕೂ ನಾವು ಅದೇ ರೀತಿ ಕೈಮುಗಿದು ಕೂತಿದ್ದೇವೆ.

ವಿವರಣೆಯಿಲ್ಲದ ಹಣದ ಮಾತು ಹೇಗೆ ತಿರುಗಿಬೀಳುತ್ತದೆ ಎಂಬುದಕ್ಕೆ 2022ರ ಅಕ್ಟೋಬರ್ ಸಾಕ್ಷಿ. ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದು ಇಲಾಖೆ ಸುತ್ತೋಲೆ ಹೊರಡಿಸಿತು. ಕೊಡುವುದು ಸ್ವಇಚ್ಛೆ, ರಸೀದಿ ಕಡ್ಡಾಯ ಎಂದೆಲ್ಲ ಅದರಲ್ಲಿತ್ತು. ರಾಜ್ಯದಾದ್ಯಂತ ಆಕ್ಷೇಪ ಎದ್ದಿತು, ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು. ಉಚಿತ ಶಿಕ್ಷಣ ಹಕ್ಕೆಂದ ಮೇಲೆ ಈ ಬೇಡಿಕೆಯೇ ತಪ್ಪು ಎಂಬ ವಾದ ಸರಿಯಾದದ್ದೇ. ಅದಕ್ಕಿಂತ ಮೊದಲಿನ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ: ಬಂದ ಅನುದಾನವೆಷ್ಟು, ಬಾರದೆ ಉಳಿದದ್ದೆಷ್ಟು ಎಂದು ಹೇಳದೆ ಪೋಷಕರ ಮುಂದೆ ಕೈಚಾಚುವುದು ಹೇಗೆ?

ಕೇಂದ್ರ-ರಾಜ್ಯಗಳ ಪಾಲಿನ ಮಾತು ಪೋಷಕರಿಗೇಕೆ, ಅವರಿಗೆ ಹಣ ಬಂದರೆ ಸಾಕಲ್ಲ ಎನ್ನುವವರಿದ್ದಾರೆ. 1976ರ 42ನೇ ತಿದ್ದುಪಡಿಯಿಂದ ಶಿಕ್ಷಣ, ಕೇಂದ್ರ-ರಾಜ್ಯ ಎರಡಕ್ಕೂ ಅಧಿಕಾರವಿರುವ ಸಮವರ್ತಿ ಪಟ್ಟಿಗೆ ಬಂದ ಮೇಲೆ ಈ ವಾದ ನಿಲ್ಲುವುದಿಲ್ಲ. ಕೇಂದ್ರದ ಪಿಎಂ ಶ್ರೀ ಶಾಲಾ ಯೋಜನೆಯ ಒಪ್ಪಂದಕ್ಕೆ ಸಹಿ ಹಾಕಲಿಲ್ಲವೆಂದು 2024-25ರಲ್ಲಿ ತಮಿಳುನಾಡಿಗೆ ಸಮಗ್ರ ಶಿಕ್ಷಣದ ಎರಡು ಸಾವಿರ ಕೋಟಿಗೂ ಮಿಕ್ಕ ಹಣ ತಡೆಯಲ್ಪಟ್ಟಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇಬ್ಬರ ಜಗಳದಲ್ಲಿ ಯಾರ ಪಾಲು ಎಲ್ಲಿ ನಿಂತಿದೆ ಎಂದು ಗೊತ್ತಿಲ್ಲದ ಪೋಷಕರು ಕೊನೆಗೆ ಎದುರಿಗಿರುವ ಮುಖ್ಯ ಶಿಕ್ಷಕರನ್ನೇ ದೂರುತ್ತಾರೆ.

ಪೋಷಕರಿಗೆ ವಿವರಿಸುವುದನ್ನೇ ಕಡ್ಡಾಯ ಮಾಡಿದ ಕಡೆಗಳೂ ಇವೆ. ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡಿಗರು ಟೈಟಲ್ ಒನ್ ಹೆಸರು ಕೇಳಿರುತ್ತಾರೆ. ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ 1965ರಿಂದ ಅಲ್ಲಿನ ಕೇಂದ್ರ ಸರ್ಕಾರ ಕೊಡುವ ಹಣವದು. ಆ ಹಣ ಪಡೆಯುವ ಶಾಲೆ ವರ್ಷಕ್ಕೊಮ್ಮೆ ಪೋಷಕರ ಸಭೆ ಕರೆದು ಯೋಜನೆ ಏನು, ಪೋಷಕರ ಹಕ್ಕುಗಳೇನು ಎಂದು ವಿವರಿಸಲೇಬೇಕು. ಸಾಧ್ಯವಾದಷ್ಟು ಮಟ್ಟಿಗೆ ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಐದು ಲಕ್ಷ ಡಾಲರಿಗಿಂತ ಹೆಚ್ಚು ಪಡೆಯುವ ಶಿಕ್ಷಣ ಜಿಲ್ಲೆ ಅದರಲ್ಲಿ ಕನಿಷ್ಠ ನೂರಕ್ಕೆ ಒಂದು ಪಾಲನ್ನು ಪೋಷಕರ ಪಾಲ್ಗೊಳ್ಳುವಿಕೆಗೆ ಮೀಸಲಿಡಬೇಕು. ಅಲ್ಲಿಯದ್ದೆಲ್ಲ ಅನುಕರಣೀಯವಲ್ಲ. 2002ರ ಕಾನೂನು ಪರೀಕ್ಷೆಯ ಅಂಕಗಳನ್ನೇ ಹೊಣೆಗಾರಿಕೆಯ ಅಳತೆಗೋಲಾಗಿ ಮಾಡಿ ಶಾಲೆಗಳನ್ನು ದಂಡಿಸಲು ಹೊರಟಿತ್ತು. 2015ರಲ್ಲಿ ಅದನ್ನು ಸಡಿಲಿಸಬೇಕಾಯಿತು. ನಾವು ಎತ್ತಿಕೊಳ್ಳಬೇಕಾದ್ದು ವಿವರಿಸುವ ಕಡ್ಡಾಯವನ್ನು, ದಂಡವನ್ನಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ಪೋಷಕರ ಮುಂದೆ ಕಚೇರಿ ಕನ್ನಡದ ಸುತ್ತೋಲೆ ಓದಿ ಮುಗಿಸುವ ನಮ್ಮ ಸಭೆಗಳಿಗೆ ಭಾಷೆಯ ಆ ಒಂದು ನಿಯಮವೇ ದೊಡ್ಡ ಉಪಕಾರ.

ಹೊಣೆಗಾರಿಕೆಯೆಂದರೆ ಹಣ ಮಾತ್ರವೂ ಅಲ್ಲ. ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿಯನ್ನು ಶಿಕ್ಷಕರು ಪೋಷಕರ ಸಭೆಯಲ್ಲಿ ನಿಯತವಾಗಿ ತಿಳಿಸಬೇಕೆಂದು ಕಾಯ್ದೆಯ 24ನೇ ಕಲಮು ಹೇಳುತ್ತದೆ. “ನಿಮ್ಮ ಮಗಳು ಹುಷಾರಿದ್ದಾಳೆ, ಸ್ವಲ್ಪ ಗಮನ ಕೊಡಿ” ಎಂದರೆ ಅದು ಪ್ರಗತಿಯ ವರದಿಯಾಗದು. ಮೂರನೇ ತರಗತಿಯ ಮಗು ಎರಡಂಕಿ ಕಳೆಯುವ ಲೆಕ್ಕ ಮಾಡುತ್ತದೆಯೋ ಇಲ್ಲವೋ, ಇಲ್ಲವಾದರೆ ಶಾಲೆ ಏನು ಮಾಡುತ್ತಿದೆ ಎಂದು ಹೇಳಿದರೆ ಮಾತ್ರ ಆಗುತ್ತದೆ. ಈ ಮಾತು ಹಣದ ಮಾತಿನೊಂದಿಗೆ ಒಂದೇ ಸಭೆಯಲ್ಲಿ ಬಂದಾಗಲೇ ಖಾಲಿ ಹುದ್ದೆಗೂ ಕಳೆಯುವ ಲೆಕ್ಕಕ್ಕೂ ಇರುವ ಸಂಬಂಧ ಪೋಷಕರಿಗೆ ಕಾಣುವುದು.

ಒಟ್ಟಿನಲ್ಲಿ ಎಸ್‌ಡಿಎಂಸಿ ಕಾನೂನಾಗಿ ಗೆದ್ದಿದೆ, ರೂಢಿಯಾಗಿ ಸೋತಿದೆ. ಅಧಿಕಾರ ಕೊಟ್ಟವರು ಅದನ್ನು ಬಳಸಲು ಬೇಕಾದ ಮಾಹಿತಿಯನ್ನು ಕಡತದಲ್ಲೇ ಉಳಿಸಿಕೊಂಡರು. ನಾವೂ ಕೇಳಲಿಲ್ಲ. ಸರಿಪಡಿಸಲು ಹೊಸ ಯೋಜನೆಯೇನೂ ಬೇಡ. ಮುಂದಿನ ಪೋಷಕರ ಸಭೆಗೆ ಹೋದಾಗ ಮೂರೇ ಪ್ರಶ್ನೆ ಕೇಳಿ: ಈ ವರ್ಷ ಯಾವ ಯಾವ ಲೆಕ್ಕದಲ್ಲಿ ಎಷ್ಟು ಬಂತು, ಯಾವುದಕ್ಕೆ ಎಷ್ಟು ಖರ್ಚಾಯಿತು; ಮಂಜೂರಾದ ಶಿಕ್ಷಕ ಹುದ್ದೆ ಎಷ್ಟು, ತುಂಬಿದ್ದು ಎಷ್ಟು; ನಮ್ಮ ಮಗುವಿನ ತರಗತಿಯಲ್ಲಿ ಓದಲು, ಲೆಕ್ಕ ಮಾಡಲು ಬಾರದ ಮಕ್ಕಳು ಎಷ್ಟು. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿ, ಆಮೇಲೆ ಸಹಿ ಹಾಕಿ. ಉತ್ತರ ಸಿಗದಿದ್ದರೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಕಾಯ್ದೆಯ 32ನೇ ಕಲಮು ಹೇಳುತ್ತದೆ. ಸೊಸೈಟಿಯ ಮಹಾಸಭೆಯಲ್ಲಿ ಎದ್ದು ನಿಲ್ಲುವವರು ಶಾಲೆಯ ಸಭೆಯಲ್ಲೂ ಒಮ್ಮೆ ಎದ್ದು ನಿಲ್ಲಿ.