ಸಿಟ್ಟು ಬರುವುದು, ಮುಖ ಊದಿಸಿಕೊಳ್ಳುವುದು: ಪಾತ್ರೆ-ರೂಪಕದ ಮಿತಿ

ಸಿಟ್ಟಿನ ನುಡಿಗಟ್ಟುಗಳನ್ನು ವಿಂಗಡಿಸಲು ಹೊರಟವರು ಲೇಕಾಫ್ ಮತ್ತು ಕೋವೆಚೆಶ್ 1987ರಲ್ಲಿ ಮಂಡಿಸಿದ ‘ಪಾತ್ರೆಯೊಳಗೆ ಕಾದ ದ್ರವ’ದ ರೂಪಕವನ್ನು ಮೊದಲು ಕೈಗೆತ್ತಿಕೊಳ್ಳುವುದು ರೂಢಿ. ‘ಕುದಿ’, ‘ಉಕ್ಕು’ಗಳು ಅದಕ್ಕೆ ಒಗ್ಗುತ್ತವೆ. ಕ್ಯಾಂಟನೀಸಿನ ‘ಫೋ ಗ್ವಾನ್’ ಕೂಡ ಒಗ್ಗುವಂತೆ ತೋರಿದರೂ ಅಲ್ಲಿ ಕುದಿಯುವುದು ಬೆಂಕಿ, ದ್ರವವಲ್ಲ. ಚೀನೀ ಭಾಷೆಯಲ್ಲಿ ದ್ರವದ ಸ್ಥಾನವನ್ನು ಅನಿಲ ಹಿಡಿದಿದೆಯೆಂದು ನಿಂಗ್ ಯೂ 1995ರಲ್ಲೇ ತೋರಿಸಿದ್ದರು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ನಿತ್ಯ ಕೇಳಿಬರುವ ‘ಅವನ್ನ ಕಂಡ್ರೆ ಮೈ ಉರೀತದೆ’ ಎಂಬುದರಲ್ಲಿ ಪಾತ್ರೆಯೂ ಇಲ್ಲ, ಮುಚ್ಚಳವೂ ಇಲ್ಲ. ಉರಿಯುವುದು ಮೈಯೇ. ಅದೇ ಕ್ರಿಯಾಪದ ಹೊಟ್ಟೆಗೆ ಸೇರಿದರೆ ಮತ್ಸರ ಅಥವಾ ಸಂಕಟ. ಭಾವವನ್ನು ನಿರ್ಧರಿಸುವುದು ಅಂಗವೇ ಹೊರತು ಶಾಖವಲ್ಲ. ಮುಖ ಕಪ್ಪಾಗುವುದು ಕ್ಯಾಂಟನೀಸಿನಲ್ಲಿ ಮುನಿಸಿನ ಗುರುತು, ನಮ್ಮಲ್ಲಿ ಅಪಮಾನದ್ದು.

ತೆಲುಗಿನ ‘ಒಳ್ಳು ಮಂಡು’ ಇದಕ್ಕೆ ಪದಶಃ ಸಂವಾದಿ. ಪಾವಗಡ ಬಹುಪಾಲು ಆಂಧ್ರದಿಂದ ಸುತ್ತುವರಿದಿದೆ, ಮನೆಮಾತು ತೆಲುಗಾಗಿರುವವರೂ ಅಲ್ಲಿ ಹಲವರು. ಇಷ್ಟರಿಂದಲೇ ‘ಮೈ ಉರಿ’ಯನ್ನು ಗಡಿಯ ಎರವಲೆಂದು ದಾಖಲಿಸುವುದು ಅವಸರದ ತೀರ್ಮಾನ. ತೆಲುಗಿನ ನೆರೆಯಿಲ್ಲದ ಕಡೆಯೂ ಈ ನುಡಿಗಟ್ಟು ಬಳಕೆಯಲ್ಲಿದೆ.

ಹೆಚ್ಚು ಗಂಭೀರವಾದ ಲೋಪ ವ್ಯಾಕರಣದ ಕಡೆಗಣನೆ. ‘ನನಗೆ ಸಿಟ್ಟು ಬಂತು’ ಎಂಬಲ್ಲಿ ಅನುಭವಿಯು ಚತುರ್ಥಿಯಲ್ಲಿದ್ದಾನೆ. ಜ್ವರ, ನಿದ್ದೆ ಬಂದ ಹಾಗೆ ಸಿಟ್ಟೂ ಬರುತ್ತದೆ. ‘ಅವಳು ಮುಖ ಊದಿಸಿಕೊಂಡಳು’ ಎಂಬಲ್ಲಿ ಪ್ರಥಮೆ, ಪ್ರೇರಣಾರ್ಥಕ, ಜೊತೆಗೆ ‘ಕೊಳ್ಳು’. ‘ಮುಖ ಊದಿಸ್ಕೋಬೇಡ’ ಎಂದು ಗದರಿಸಬಹುದು, ‘ಸಿಟ್ಟು ಬರಬೇಡ’ ಎನ್ನಲಾಗದು. ‘ಸಿಟ್ಟು ಮಾಡ್ಕೋಬೇಡ’ ಎಂದೇ ಹೇಳಬೇಕು. ‘ಸಿಟ್ಟು ಬಂತು, ಹೊಡೆದೆ’ ಎಂಬವನು ಹೊಡೆತವನ್ನು ಒಪ್ಪಿಕೊಂಡರೂ ಸಿಟ್ಟಿನ ಹೊಣೆಯನ್ನು ತನ್ನಿಂದ ದೂರವಿಡುತ್ತಾನೆ. ಮುನಿಸಿಕೊಂಡವಳಿಗೆ ವ್ಯಾಕರಣ ಆ ರಿಯಾಯಿತಿ ಕೊಡುವುದಿಲ್ಲ. ಎರಡನ್ನೂ ‘ಕೋಪ’ ಎಂಬ ಒಂದೇ ಶೀರ್ಷಿಕೆಯಡಿ ಪಟ್ಟಿಮಾಡಿದಾಗ ಅಳಿಸಿಹೋಗುವುದು ಈ ವ್ಯತ್ಯಾಸವೇ.

ನಾವೂ ಈ ತಪ್ಪಿಗೆ ಹೊರತಲ್ಲ. ‘ನಿಮಗೆ ಸಿಟ್ಟು ಬಂದಾಗ ಏನನ್ನುತ್ತೀರಿ?’ ಎಂದೇ ನಮ್ಮ ಮೊದಲ ಪ್ರಶ್ನಾವಳಿ ಆರಂಭವಾಗಿತ್ತು. ಪ್ರಶ್ನೆಯೇ ಚತುರ್ಥಿಯಲ್ಲಿದ್ದ ಮೇಲೆ ಉತ್ತರಗಳೂ ಚತುರ್ಥಿಯಲ್ಲೇ ಬಂದವು. ಅದನ್ನು ಭಾಷೆಯ ಒಲವೆಂದು ಓದಿದ್ದು ನಮ್ಮ ಪ್ರಮಾದ. ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯಕ್ಕೆ ಹೊರಡುವ ಸಂಶೋಧನಾರ್ಥಿಗಳು ಪ್ರಶ್ನಾವಳಿಯನ್ನು ಬದಿಗಿಟ್ಟು, ಸಿಟ್ಟಾದವರ ಮಾತಿನಷ್ಟೇ ಗಮನವನ್ನು ಅವರನ್ನು ಸಮಾಧಾನಪಡಿಸುವವರ ಮಾತಿಗೂ ಕೊಡುವುದು ಲೇಸು.