ದಾಸ್ತಾನಿನಲ್ಲಿ ಇದೆ

ಹೋದ ವರ್ಷ ಮಳೆಗಾಲ ಶುರುವಾದ ಹೊತ್ತಿನಲ್ಲಿ ಒಂದು ಸರ್ಕಾರಿ ಪ್ರೌಢಶಾಲೆಗೆ ಕತೆ ಹೇಳಲು ಹೋಗಿದ್ದೆ. ಮಾತಿನ ನಡುವೆ ಶಿವರಾಮ ಕಾರಂತರ ‘ಬಾಲಪ್ರಪಂಚ’ದ ವಿಷಯ ಬಂತು. ಒಬ್ಬನೇ ಮನುಷ್ಯ ಕೂತು ಮಕ್ಕಳಿಗಾಗಿ ಮೂರು ಸಂಪುಟಗಳ ವಿಶ್ವಕೋಶ ಬರೆದ ಅಂದರೆ ಒಂಬತ್ತನೇ ತರಗತಿಯವರು ನಂಬಲಿಲ್ಲ. ತೋರಿಸಿಯೇ ಬಿಡೋಣವೆಂದು ಗ್ರಂಥಾಲಯದ ಪ್ರಭಾರ ಹೊತ್ತಿದ್ದ ಮೇಷ್ಟರನ್ನು ಕೇಳಿದೆ. ಅವರು ಉದ್ದನೆಯ ದಾಸ್ತಾನು ವಹಿ ತೆಗೆದು, ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಹೋಗಿ, ಒಂದು ಕಡೆ ನಿಲ್ಲಿಸಿ, ಗೆದ್ದವರ ಹಾಗೆ ನಕ್ಕರು. ‘ಇದೆ ಸರ್. ದಾಸ್ತಾನಿನಲ್ಲಿ ಇದೆ.’ ಪುಸ್ತಕ ಎಲ್ಲಿ ಅಂದರೆ ಬೀರುವಿನಲ್ಲಿ. ಬೀರು ಎಲ್ಲಿ ಅಂದರೆ ಹೆಡ್‌ಮಾಸ್ಟರ ಕೋಣೆಯ ಮೂಲೆಯಲ್ಲಿ, ಬಿಸಿಯೂಟದ ಅಕ್ಕಿ ಮೂಟೆಗಳ ಹಿಂದೆ. ಕೀಲಿ ಎಲ್ಲಿ ಅಂದರೆ ತರಬೇತಿಗೆ ಹೋದ ಇನ್ನೊಬ್ಬ ಮೇಷ್ಟರ ಜೇಬಿನಲ್ಲಿ.

ಇಂಥದ್ದನ್ನು ಹೇಳಿ ಮೇಷ್ಟರನ್ನು ಹಾಸ್ಯ ಮಾಡುವುದು ಬಹಳ ಸುಲಭ. ನಾನೂ ಅನೇಕ ವರ್ಷ ಮಾಡಿದ್ದೇನೆ. ಆದರೆ ಆ ದಿನ ಕೀಲಿಗೆ ಕಾಯುತ್ತ ಕೂತಾಗ ಆ ವಹಿಯನ್ನೇ ತಿರುವಿ ಹಾಕಿದೆ. ಕ್ರಮಸಂಖ್ಯೆ, ಪುಸ್ತಕದ ಹೆಸರು, ಲೇಖಕರು, ಬೆಲೆ, ಯಾವ ಅನುದಾನ, ಬಿಲ್ ನಂಬರು, ಷರಾ. ಪುಸ್ತಕ ಎಲ್ಲಿಂದ ಬಂತು, ಎಷ್ಟಕ್ಕೆ ಬಂತು ಅನ್ನುವುದಕ್ಕೆ ಆರು ಕಾಲಂ. ಯಾರಾದರೂ ಓದಿದರೇ ಅನ್ನುವುದಕ್ಕೆ ಒಂದೂ ಇಲ್ಲ. ಪುಟ ಪುಟಕ್ಕೂ ಕೆಂಪು ಶಾಯಿಯಲ್ಲಿ ‘ತಾಳೆ ನೋಡಲಾಗಿದೆ’ ಎಂಬ ಸಹಿ. ಮೇಷ್ಟರಿಗೆ ವರ್ಗವಾದರೆ ಚಾರ್ಜ್ ಬಿಟ್ಟುಕೊಡುವಾಗ ಈ ವಹಿಯ ಪ್ರಕಾರ ಒಂದೊಂದನ್ನೂ ಎಣಿಸಿ ಒಪ್ಪಿಸಬೇಕು. ಹನ್ನೆರಡು ಪುಸ್ತಕ ಕಡಿಮೆ ಬಿದ್ದರೆ ಅವರು ಉತ್ತರ ಹೇಳಬೇಕು, ಇಲ್ಲವೇ ಕೈಯಿಂದ ಕೊಟ್ಟು ತಂದಿಡಬೇಕು. ಹನ್ನೆರಡು ವರ್ಷ ಒಂದು ಪುಸ್ತಕವೂ ಹೊರಗೆ ಬರದಿದ್ದರೆ ಯಾರೂ ಏನೂ ಕೇಳುವುದಿಲ್ಲ. ಇಂಥ ಲೆಕ್ಕದಲ್ಲಿ ಬೀಗ ಹಾಕುವವನು ಸೋಮಾರಿಯಲ್ಲ, ಬುದ್ಧಿವಂತ. ನಮ್ಮ ಶಾಲಾ ಗ್ರಂಥಾಲಯಗಳ ಬಗ್ಗೆ ನನಗೆ ಹೇಳುವುದಿರುವುದು ಇಷ್ಟೇ: ನಾವು ಕಳೆದದ್ದರ ಲೆಕ್ಕ ಇಡುತ್ತೇವೆ, ಓದದೆ ಉಳಿದದ್ದರ ಲೆಕ್ಕ ಇಡುವುದಿಲ್ಲ. ಮಿಕ್ಕ ರೋಗಗಳೆಲ್ಲ ಇದರ ಮಕ್ಕಳು ಮೊಮ್ಮಕ್ಕಳು.

ಪುಸ್ತಕ ಇರುವುದೇ ಬಳಸಲಿಕ್ಕೆ ಅನ್ನುವುದನ್ನು ಗ್ರಂಥಾಲಯ ಶಾಸ್ತ್ರದ ಮೊದಲ ಸೂತ್ರ ಮಾಡಿದವರು ಎಸ್. ಆರ್. ರಂಗನಾಥನ್. ಗಣಿತದ ಮೇಷ್ಟರಾಗಿದ್ದು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದವರು; 1931ರಲ್ಲಿ ಐದು ಸೂತ್ರಗಳ ಪುಸ್ತಕ ತಂದರು; 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿ, ಇಲ್ಲೇ ಕೊನೆಯ ದಿನಗಳನ್ನು ಕಳೆದರು. ಆ ಮೊದಲ ಸೂತ್ರವನ್ನು ವಿವರಿಸುವಾಗ ಅವರು ಯೂರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿ ಹಾಕಿ ಕಪಾಟಿಗೆ ಕಟ್ಟುತ್ತಿದ್ದುದನ್ನು ನೆನೆಯುತ್ತಾರೆ. ನನಗೆ ಅದಕ್ಕಿಂತ ಇಷ್ಟವಾಗುವುದು ಅವರು ಕೂಡಲೇ ಇಳಿಯುವ ಸಣ್ಣ ವಿಷಯಗಳು. ಗ್ರಂಥಾಲಯ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಕಪಾಟು ನೆಲದ ಮೇಲೆ ನಿಂತವನ ಕೈಗೆ ಎಟುಕುವಷ್ಟೇ ಎತ್ತರ ಇರಬೇಕು. ದೊಡ್ಡ ತತ್ತ್ವ ಹೇಳಿ ಕೈತೊಳೆದುಕೊಳ್ಳದೆ ಮೇಜು ಕುರ್ಚಿಗೆ ಬರುವುದು ಮೇಷ್ಟರ ಗುಣ. ಅವರ ಅಳತೆ ಹಿಡಿದು ನೋಡಿದರೆ ಹೆಡ್‌ಮಾಸ್ಟರ ಕೋಣೆಯ ಕಬ್ಬಿಣದ ಬೀರು ಒಂದೇ ಏಟಿಗೆ ಮೂರು ಕಡೆ ನಪಾಸು. ಮಕ್ಕಳು ಕಾಲಿಡಲು ಹೆದರುವ ಕೋಣೆ, ಕೇಳಿದಾಗ ಮಾತ್ರ ತೆರೆಯುವ ಬಾಗಿಲು, ಒಳಗಿರುವುದೇನೆಂದು ಹೊರಗೆ ಕಾಣದ ತಗಡು.

ಕಾನೂನಿಗೆ ಕೊರತೆಯಿಲ್ಲ. 1987ರ ‘ಆಪರೇಷನ್ ಬ್ಲಾಕ್‌ಬೋರ್ಡ್’ ಕಾಲದಿಂದಲೂ ಪ್ರಾಥಮಿಕ ಶಾಲೆಗಳಿಗೆ ನಕ್ಷೆ, ಕಿಟ್‌ಗಳ ಜೊತೆ ಪುಸ್ತಕಗಳೂ ಬಂದಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕ, ಕತೆ ಪುಸ್ತಕ ಎಲ್ಲ ಇರಬೇಕು ಎನ್ನುತ್ತದೆ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶ ಇದೆ. ದುಡ್ಡು ಖರ್ಚಾದ ಮೇಲೆ ಮೇಲಿನವರಿಗೆ ಕಳಿಸುವ ಕಾಗದಕ್ಕೆ ‘ಬಳಕೆ ಪ್ರಮಾಣಪತ್ರ’ ಎಂದು ಹೆಸರು. ಎಂಥ ಹೆಸರು ನೋಡಿ! ಬಳಕೆಯಾದದ್ದು ದುಡ್ಡು. ಮಾರ್ಚ್ ಕೊನೆಯ ವಾರದಲ್ಲಿ ಬಂದ ಪುಸ್ತಕದ ಕಟ್ಟು ಪರೀಕ್ಷೆ, ರಜೆ ಎಂದು ಜೂನ್‌ವರೆಗೆ ಬಿಚ್ಚದೆ ಬಿದ್ದಿದ್ದರೂ ಬಳಕೆಯ ಪ್ರಮಾಣಪತ್ರ ಮಾತ್ರ ಸಕಾಲಕ್ಕೆ ಹೋಗಿರುತ್ತದೆ.

ಆ ಕಟ್ಟಿನಲ್ಲಿ ಏನಿರುತ್ತದೆ ಅನ್ನುವುದು ಇನ್ನೊಂದು ಕತೆ. ಪುಸ್ತಕ ಆರಿಸುವ ಹೊತ್ತು ಮೇಷ್ಟರಿಗೆ ಸಿಗುವುದು ಅಪರೂಪ, ಮಕ್ಕಳನ್ನಂತೂ ಯಾರೂ ಕೇಳುವುದಿಲ್ಲ. ನಾನು ಒಂದು ಶಾಲೆಗೆ ಹೋದರೆ ಮೊದಲು ನೋಡುವುದು ಯಾವ ಪುಸ್ತಕ ಹರಿದಿದೆ ಎಂದು. ಮಕ್ಕಳು ಬರೆದ ವಿಮರ್ಶೆ ಅದು. ತೆನಾಲಿ ರಾಮಕೃಷ್ಣ, ಒಗಟುಗಳು, ರಂಗೋಲಿ, ದೆವ್ವದ ಕತೆ, ಜೇಬಿನಲ್ಲಿ ಹಿಡಿಯುವ ‘ಭಾರತ ಭಾರತಿ’ಯ ಪುಟ್ಟ ಜೀವನಚರಿತ್ರೆಗಳು — ಇವುಗಳ ಬೆನ್ನು ಬಿಚ್ಚಿರುತ್ತದೆ, ಮೂಲೆಗಳು ನಾಯಿಕಿವಿಯಾಗಿರುತ್ತವೆ, ಎಲ್ಲೋ ಒಂದು ಕಡೆ ಎಣ್ಣೆ ಕೈಯ ಗುರುತು. ಹೊಸ ನೋಟಿನ ಹಾಗೆ ಗರಿಗರಿಯಾಗಿರುವವು ವ್ಯಕ್ತಿತ್ವ ವಿಕಸನದವು, ಮತ್ತು ಗಣ್ಯರು ಯಾವುದೋ ಸಮಾರಂಭದಲ್ಲಿ ಕೊಡುಗೆ ಕೊಟ್ಟ ಅಭಿನಂದನ ಗ್ರಂಥಗಳು. ಹದಿಮೂರು ವರ್ಷದ ಹುಡುಗನ ವ್ಯಕ್ತಿತ್ವ ಒಗಟಿನ ಪುಸ್ತಕದಲ್ಲೇ ಚೆನ್ನಾಗಿ ವಿಕಸಿಸುತ್ತದೆ ಅನ್ನುವುದು ನನ್ನ ಅಭಿಪ್ರಾಯ, ಒಪ್ಪದವರು ಇರಬಹುದು.

ಮೇಷ್ಟರುಗಳು ಗ್ರಂಥಾಲಯವನ್ನು ಹೇಗೆ ಬಳಸುತ್ತಾರೆ? ಹೆಚ್ಚಿನವರಿಗೆ ಅದು ಭಾಷಣದ ಗೋದಾಮು. ಪ್ರತಿಭಾ ಕಾರಂಜಿ ಹತ್ತಿರ ಬಂದಾಗ, ಅಕ್ಟೋಬರ್ 2, ನವೆಂಬರ್ 1 ಬಂದಾಗ ಬೀರು ತೆರೆಯುತ್ತದೆ. ಐದು ನಿಮಿಷದ ಭಾಷಣಕ್ಕೆ ಬೇಕಾದಷ್ಟು ಗಾಂಧಿ, ಬೇಕಾದಷ್ಟು ಕನ್ನಡ ತೆಗೆದುಕೊಂಡು ಮುಚ್ಚುತ್ತದೆ. ವೇಳಾಪಟ್ಟಿಯಲ್ಲಿ ವಾರಕ್ಕೊಂದು ಗ್ರಂಥಾಲಯ ಅವಧಿ ಬರೆದಿರುತ್ತಾರೆ. ಅದನ್ನು ದಸರೆಯವರೆಗೆ ಗಣಿತದವರು, ದಸರೆ ಕಳೆದ ಮೇಲೆ ಎಸ್ಸೆಸ್ಸೆಲ್ಸಿಯ ವಿಶೇಷ ತರಗತಿಯವರು ತಿಂದುಹಾಕುತ್ತಾರೆ. ಮೇಷ್ಟರೇ ಓದಲೆಂದು ಒಂದು ಪುಸ್ತಕ ಕೈಯಲ್ಲಿ ಹಿಡಿದು ಸ್ಟಾಫ್ ರೂಮಿನಲ್ಲಿ ಕೂತದ್ದನ್ನು ನಾನು ಎಣಿಸಿ ಹೇಳುವಷ್ಟು ಸಲ ನೋಡಿದ್ದೇನೆ. ತಪ್ಪು ಯಾರದು ಅನ್ನುವ ಮೊದಲು ಅವರ ಮೇಜಿನ ಮೇಲಿರುವ ಆನ್‌ಲೈನ್ ಎಂಟ್ರಿಗಳ ಪಟ್ಟಿ ನೋಡಬೇಕು. ಅನೇಕ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗ್ರಂಥಪಾಲಕ ಅನ್ನುವವರೇ ಇಲ್ಲ. ಯಾರಿಗೆ ಪೀರಿಯಡ್ ಕಡಿಮೆಯೋ, ಯಾರು ಇಲ್ಲ ಅನ್ನಲಾರರೋ ಅವರ ಹೆಗಲಿಗೆ ಪ್ರಭಾರ.

ಇದಕ್ಕಿಂತ ಕೆಟ್ಟದ್ದು ಉತ್ಸಾಹಿಗಳು ಮಾಡುವ ಒಂದು ಕೆಲಸ. ಪುಸ್ತಕ ಕೊಡುತ್ತಾರೆ, ಕೊಟ್ಟ ಕೂಡಲೇ ‘ಓದಿ ಒಂದು ಪುಟ ಸಾರಾಂಶ ಬರೆದುಕೊಂಡು ಬಾ’ ಅನ್ನುತ್ತಾರೆ. ಒಂದು ಶಾಲೆಯಲ್ಲಿ ಇಂಥ ಸಾರಾಂಶಗಳ ನೋಟ್‌ಬುಕ್ ಹೆಮ್ಮೆಯಿಂದ ನನ್ನ ಕೈಗೆ ಕೊಟ್ಟರು. ಮೂವತ್ತೆಂಟು ಸಾರಾಂಶ, ಅಂದವಾದ ಅಕ್ಷರ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮಾತಿನ ಧಾಟಿ ಎಲ್ಲೋ ಕೇಳಿದ ಹಾಗೆ ಅನ್ನಿಸಿತು. ಪುಸ್ತಕ ತೆಗೆದು ಬೆನ್ನುಡಿ ನೋಡಿದೆ. ಅಕ್ಷರ ಅಕ್ಷರ ಅದೇ. ಒಬ್ಬ ಹುಡುಗನಂತೂ ‘ಬೆಲೆ: ನಲವತ್ತು ರೂಪಾಯಿ’ ಅನ್ನುವುದನ್ನೂ ಸೇರಿಸಿದ್ದ. ಮಕ್ಕಳು ಮೋಸ ಮಾಡಿದರು ಅನ್ನಲಾರೆ. ಕೇಳಿದ್ದು ಸಾರಾಂಶ, ಪುಸ್ತಕವೇ ಬೆನ್ನ ಮೇಲೆ ಅದನ್ನು ಹೊತ್ತು ತಿರುಗುತ್ತಿರುವಾಗ ಒಳಗೆ ಹೋಗುವ ಶ್ರಮ ಯಾಕೆ? ಸಾರಾಂಶ ಕೇಳುವುದು ಓದಿಗೆ ರಸೀದಿ ಕೇಳಿದ ಹಾಗೆ. ಅದೇ ದಾಸ್ತಾನು ವಹಿಯ ಬುದ್ಧಿ, ತರಗತಿಯೊಳಗೆ ಬಂದಿದೆ.

ಉಪಕರಣಗಳ ಗತಿಯೂ ಇದೇ. ಪ್ಲಾಸ್ಟಿಕ್ ಕವರ್ ತೆಗೆಯದ ಭೂಗೋಳ, ಥರ್ಮೊಕೋಲಿನ ಪೆಟ್ಟಿಗೆಯಲ್ಲೇ ಇರುವ ಸೂಕ್ಷ್ಮದರ್ಶಕ, ಬಲ್ಬ್ ಹೋದ ಪ್ರೊಜೆಕ್ಟರ್, ಬ್ಯಾಟರಿ ಸತ್ತ ಯುಪಿಎಸ್ಸಿನ ಮೇಲೆ ಕುಂಕುಮ — ಆಯುಧಪೂಜೆಗೆ ಮಾತ್ರ ಕಂಪ್ಯೂಟರ್ ಕೋಣೆಯ ಬಾಗಿಲು ತೆರೆಯುವುದು ಹೊಸ ಸಂಗತಿಯಲ್ಲ. ಒಂದು ಉದಾಹರಣೆ ಹೇಳುತ್ತೇನೆ. 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಮೇಲೆ ಹೋಯಿತು. ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗ ನಡೆದದ್ದು ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ. ಶಾಲೆ ಶಾಲೆಗೂ ಡಿಶ್, ಟಿವಿ ಬಂದವು. ಉಪಗ್ರಹದ ಆಯುಸ್ಸು ಮುಗಿದು 2010ರಲ್ಲಿ ಅದನ್ನು ಸೇವೆಯಿಂದ ತೆಗೆದರು. ಆಮೇಲೆ ಎಷ್ಟೋ ವರ್ಷಕ್ಕೆ ನಾನು ಹೋಗಿದ್ದ ಒಂದು ಶಾಲೆಯಲ್ಲಿ ಅಂಥದ್ದೇ ಹಳೆಯ ಟಿವಿಯೊಂದು ಓದುವ ಕೋಣೆಯ ಮಧ್ಯೆ, ಕಿಟಕಿಯ ಬೆಳಕಿಗೆ ಅಡ್ಡವಾಗಿ, ಬೆಡ್‌ಶೀಟ್ ಹೊದ್ದು ಕೂತಿತ್ತು. ಕೆಟ್ಟು ಯಾವ ಕಾಲವಾಯಿತೋ. ತೆಗೆದು ಆಚೆ ಇಡಿ ಅಂದರೆ ಆಗುವುದಿಲ್ಲ. ವಹಿಯಿಂದ ವಜಾ ಮಾಡಲು ಮೇಲಿನವರ ಅನುಮತಿ ಬೇಕು. ಆಕಾಶದಿಂದ ಉಪಗ್ರಹವನ್ನು ನಿವೃತ್ತಿ ಮಾಡಬಹುದು, ಮೇಜಿನಿಂದ ಟಿವಿಯನ್ನು ಮಾಡಲಾಗದು. ಮಕ್ಕಳು ಅದರ ಎರಡೂ ಪಕ್ಕ ಒತ್ತರಿಸಿ ಕೂತು ಓದುತ್ತಿದ್ದರು.

ಬೇರೆ ಥರ ನಡೆಯುವ ಶಾಲೆಗಳಿಲ್ಲವೇ? ಇವೆ. ಒಂದು ಹಿರಿಯ ಪ್ರಾಥಮಿಕ ಶಾಲೆ ನನಗೆ ಚೆನ್ನಾಗಿ ಗೊತ್ತು. ನಲಿ-ಕಲಿಯ ಕೊಠಡಿಯಲ್ಲಿ ಮಕ್ಕಳ ಚಿತ್ರ ನೇತುಹಾಕಲು ಹಗ್ಗ ಕಟ್ಟಿರುತ್ತಾರಲ್ಲ, ಅಲ್ಲಿನ ಟೀಚರು ಅಂಥದ್ದೇ ಹಗ್ಗವನ್ನು ಪಡಸಾಲೆಗೂ ಎಳೆದು, ಪುಸ್ತಕಗಳನ್ನು ಒಣಹಾಕಿದ ಬಟ್ಟೆಯ ಹಾಗೆ ಮಧ್ಯಕ್ಕೆ ತೆರೆದು ನೇತುಹಾಕಿದ್ದಾರೆ. ಊಟದ ಗಂಟೆ ಹೊಡೆದು ತಟ್ಟೆ ತೊಳೆದ ಮೇಲೆ ಉಳಿಯುವ ಇಪ್ಪತ್ತು ನಿಮಿಷವೇ ಅಲ್ಲಿನ ಗ್ರಂಥಾಲಯ ಅವಧಿ. ಯಾರೂ ಓದು ಅನ್ನುವುದಿಲ್ಲ. ಕೊಡುವ, ತೆಗೆದುಕೊಳ್ಳುವ ಲೆಕ್ಕ ಆರನೇ ತರಗತಿಯ ಇಬ್ಬರು ಹುಡುಗಿಯರದು. ಅವರ ನೋಟ್‌ಬುಕ್ಕಿನಲ್ಲಿ ಷರಾ ಕಾಲಂ ಹೀಗಿದೆ: ‘ತಮ್ಮ ಹರಿದ’, ‘ದನ ತಿಂತು’, ‘ಅಜ್ಜಿ ಇನ್ನೂ ಕೇಳ್ತಿದಾಳೆ’. ಕೊನೆಯದರ ಅರ್ಥವೇನೆಂದು ಕೇಳಿದೆ. ಹುಡುಗಿ ರಾತ್ರಿ ಅಜ್ಜಿಗೆ ಓದಿ ಹೇಳುತ್ತಾಳಂತೆ, ಕತೆ ಮುಗಿಯುವವರೆಗೆ ಪುಸ್ತಕ ವಾಪಸು ಬರುವುದಿಲ್ಲವಂತೆ. ನಾನು ನೋಡಿದ ಗ್ರಂಥಾಲಯ ವಹಿಗಳಲ್ಲಿ ಓದುಗರು ಕಾಣಿಸಿಕೊಂಡದ್ದು ಅದೊಂದರಲ್ಲೇ.

ಹಾಗೆಂದು ಆ ಹಗ್ಗವನ್ನು ಹಾಡಿ ಹೊಗಳಿ ಸುಮ್ಮನಾಗುವುದು ಸರಿಯಲ್ಲ. ಅದರ ಮಿತಿಗಳು ಕಣ್ಣಿಗೆ ಕಾಣುತ್ತವೆ. ಹಗ್ಗಕ್ಕೆ ತೂಗುವುದು ತೆಳು ಪುಸ್ತಕ ಮಾತ್ರ. ಹಾಗಾಗಿ ನಾಲ್ಕನೆಯವರಿಗೆ ಹಬ್ಬ, ಏಳನೆಯವರಿಗೆ ಉಪವಾಸ. ಏಳನೇ ತರಗತಿಯ ಹುಡುಗನೊಬ್ಬ ಅಳಿಲಿನ ಚಿತ್ರಪುಸ್ತಕ ಹಿಡಿದು ಮುಖ ಸಣ್ಣ ಮಾಡಿಕೊಂಡಿದ್ದ. ದಪ್ಪ ಪುಸ್ತಕಗಳು ಅಲ್ಲೂ ಬೀರುವಿನಲ್ಲೇ ಇವೆ. ಹರಿದುಹೋದವುಗಳ ಜಾಗಕ್ಕೆ ಟೀಚರು ಸಂಬಳದಿಂದ ಕೊಂಡು ತರುತ್ತಾರೆ. ಅದನ್ನು ಸೇವೆ ಅಂತ ಮೆಚ್ಚಬಹುದು, ವ್ಯವಸ್ಥೆ ಅನ್ನಲಾಗುವುದಿಲ್ಲ. ಅವರಿಗೆ ವರ್ಗವಾದ ದಿನ ಹಗ್ಗ ಇಳಿಯುತ್ತದೆ ಅನ್ನುವುದು ಅವರಿಗೂ ಗೊತ್ತು. ಊರಿನ ಪಂಚಾಯಿತಿ ಗ್ರಂಥಾಲಯ ಶಾಲೆಯಿಂದ ಕೂಗಳತೆಯ ದೂರ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿದೆ. ಏಳನೆಯವರನ್ನು ವಾರಕ್ಕೊಮ್ಮೆ ಅಲ್ಲಿಗೆ ಕರೆದುಕೊಂಡು ಹೋದರೆ ಅರ್ಧ ತೊಂದರೆ ತೀರುತ್ತದೆ. ಆದರೆ ಅದು ಬೇರೆ ಇಲಾಖೆ, ಇದು ಬೇರೆ ಇಲಾಖೆ. ನಡುವಿನ ರಸ್ತೆ ದಾಟಿಸುವವರು ಯಾರು ಎಂಬ ಪ್ರಶ್ನೆಗೆ ಇನ್ನೂ ಸುತ್ತೋಲೆ ಬಂದಿಲ್ಲ ಎಂದು ಟೀಚರು ನಗುತ್ತಾರೆ.

ನನ್ನನ್ನು ಕೇಳಿದರೆ ಹೊಸ ಯೋಜನೆ ಬೇಡ, ಹೊಸ ಕೊಠಡಿಯೂ ಸದ್ಯಕ್ಕೆ ಬೇಡ. ನೂರಕ್ಕೆ ಹತ್ತು ಪುಸ್ತಕ ವರ್ಷದಲ್ಲಿ ಹರಿಯಬಹುದು, ಕಳೆಯಬಹುದು, ಅದಕ್ಕೆ ಮೇಷ್ಟರು ಹೊಣೆಯಲ್ಲ ಎಂದು ಒಂದು ಆದೇಶ ಬರಲಿ. ಹತ್ತೋ ಐದೋ, ಅಂಕಿಯ ಬಗ್ಗೆ ಜಗಳವಿಲ್ಲ. ತಪಾಸಣೆಗೆ ಬಂದವರು ದಾಸ್ತಾನು ವಹಿಯ ಬದಲು ವಿತರಣಾ ವಹಿ ಕೇಳಲಿ, ಒಂದೂ ಪುಸ್ತಕ ಹರಿದಿಲ್ಲದ ಶಾಲೆಯಿಂದ ವಿವರಣೆ ಕೇಳಲಿ. ಬೀಗ ತಾನಾಗಿ ಸಡಿಲವಾಗುತ್ತದೆ.

ಬಾಲಪ್ರಪಂಚ ನೋಡಲು ಎರಡು ವಾರ ಬಿಟ್ಟು ಮತ್ತೆ ಆ ಪ್ರೌಢಶಾಲೆಗೆ ಹೋದೆ. ಕೀಲಿ ಸಿಕ್ಕಿತ್ತು, ಅಕ್ಕಿ ಮೂಟೆ ಸರಿಸಿದ್ದರು. ಒಂದೇ ಸಂಪುಟ ಇತ್ತು, ಎರಡನೆಯದು. ಕೆಲವು ಹಾಳೆಗಳು ಒಂದಕ್ಕೊಂದು ಅಂಟಿದ್ದವು, ಹಿಂದಿನ ಚೀಟಿಯಲ್ಲಿ ಒಂದೂ ತಾರೀಖು ಇರಲಿಲ್ಲ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಮೂಸಿ ನೋಡಿದಳು. ಆಮೇಲೆ ಅಂಟಿದ ಹಾಳೆಗಳನ್ನು ಉಗುರಿನಿಂದ ಮೆಲ್ಲಗೆ ಬಿಡಿಸುತ್ತ, ಮೇಷ್ಟರ ಕಡೆ ನೋಡದೆಯೇ, ‘ಮನೆಗೆ ಒಯ್ಯಬಹುದಾ ಸರ್?’ ಅಂದಳು. ಮೇಷ್ಟರು ನನ್ನನ್ನು ನೋಡಿದರು, ಬೀರುವನ್ನು ನೋಡಿದರು. ಡ್ರಾಯರ್ ಎಳೆದು ಹಳೆಯ ವಿತರಣಾ ವಹಿಯೊಂದನ್ನು ತೆಗೆದು ಧೂಳು ಒರೆಸಿದರು. ಪೆನ್ನಿನ ಮುಚ್ಚಳ ತೆಗೆದವರು ಒಂದು ಕ್ಷಣ ಯೋಚಿಸಿ ಅದನ್ನು ಜೇಬಿಗೆ ಸಿಕ್ಕಿಸಿ, ಪಕ್ಕದ ಹುಡುಗನಿಂದ ಪೆನ್ಸಿಲ್ ಇಸಿದುಕೊಂಡು ಅವಳ ಹೆಸರು ಬರೆದರು.