‘ಮರುಪ್ರಸಾರ’ ಎಂಬ ಶಬ್ದ

ಕನ್ನಡದಲ್ಲಿ ‘ಮರುಪ್ರಸಾರ’ವೆಂಬ ಒಂದೇ ಶಬ್ದ ಎರಡು ಕೆಲಸಗಳನ್ನು ಹೊತ್ತು ದಣಿದಿದೆ. ಹಿಂದೆ ಬಿತ್ತರಿಸಿದ ಕಾರ್ಯಕ್ರಮವನ್ನು ಇನ್ನೊಮ್ಮೆ ಬಿತ್ತರಿಸುವುದೂ ಮರುಪ್ರಸಾರ. ಒಂದು ನಿಲಯದ ಕಾರ್ಯಕ್ರಮವನ್ನು ಇನ್ನೊಂದು ಕೇಂದ್ರ ಅದೇ ಹೊತ್ತಿಗೆ ಹಿಡಿದು ಮುಂದಕ್ಕೆ ದಾಟಿಸುವುದೂ ಮರುಪ್ರಸಾರ. ಮೊದಲನೆಯದು ಕಾಲವನ್ನು ದಾಟುವ ಕೆಲಸ, ಎರಡನೆಯದು ದೂರವನ್ನು. 1972ರ ಅಕ್ಟೋಬರ್ 2ರಂದು ಮುಂಬಯಿಗೆ ಟೆಲಿವಿಷನ್ ಬಂದ ಮೇಲೆ ಅದರ ಕಾರ್ಯಕ್ರಮಗಳನ್ನು ಸಿಂಹಗಡದ ಕೇಂದ್ರವು ಪುಣೆಗೆ ತಲುಪಿಸತೊಡಗಿತು. ಮುಂಬಯಿಯವರು ನೋಡಿದ್ದನ್ನು ಪುಣೆಯವರು ಅದೇ ಗಳಿಗೆಯಲ್ಲಿ ನೋಡಿದರು. ಅಲ್ಲಿ ‘ಮತ್ತೆ’ ಎಂಬುದೇ ಇಲ್ಲ. ಇದಕ್ಕೆ ಆಕಾಶವಾಣಿಯಲ್ಲಿ ಕೇಳಿಬರುವ ‘ಸಹಪ್ರಸಾರ’ವೇ ಒಪ್ಪುವ ಮಾತೆಂದು ನಾವು ಭಾವಿಸುತ್ತೇವೆ.

ಇಲ್ಲಿಯ ಮರಾಠಿಯಲ್ಲಿ ‘ಪುನಃಪ್ರಕ್ಷೇಪಣ’ ಎನ್ನುವುದುಂಟು. ಅದನ್ನು ನಾವು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ನಮ್ಮ ವಿದ್ವಾಂಸರ ಭಾಷೆಯಲ್ಲಿ ‘ಪ್ರಕ್ಷಿಪ್ತ’ವೆಂದರೆ ಕವಿ ಬರೆಯದೆ ಯಾರೋ ನಡುವೆ ಸೇರಿಸಿದ ಪದ್ಯ! ‘ಮರು’ ಕನ್ನಡ, ‘ಪ್ರಸಾರ’ ಸಂಸ್ಕೃತ. ಆದ್ದರಿಂದ ನಮ್ಮ ಶಬ್ದವೂ ಅರಿಸಮಾಸವೆಂದು ವೈಯಾಕರಣರು ಹುಬ್ಬೇರಿಸಬಹುದು. ‘ಮರುಮುದ್ರಣ’ವನ್ನು ಅರಗಿಸಿಕೊಂಡ ಭಾಷೆಗೆ ಇದೇನೂ ಭಾರವಲ್ಲ.

ಭಾರವಾದದ್ದು ಆ ಶಬ್ದಕ್ಕೆ ಅಂಟಿದ ತಾತ್ಸಾರ. ಮರುಪ್ರಸಾರವೆಂದೊಡನೆ ತಂಗಳೆಂದು ಮುಖ ತಿರುಗಿಸುವವರುಂಟು. ಆದರೆ ‘ಮರುದಿನ’ವೆಂದರೆ ಕಳೆದ ದಿನವೇ ತಿರುಗಿ ಬಂದದ್ದಲ್ಲ, ಬೇರೊಂದು ದಿನ. 2020ರ ಮಾರ್ಚ್ 28ರಿಂದ, ಲಾಕ್‌ಡೌನಿನ ಕಾಲದಲ್ಲಿ, ದೂರದರ್ಶನವು ರಮಾನಂದ ಸಾಗರರ ‘ರಾಮಾಯಣ’ವನ್ನು ಮತ್ತೆ ತೋರಿಸಿತು. 1987-88ರಲ್ಲಿ ನೋಡಿದ್ದವರಿಗೆ ಅದು ನೆನಪು. ಆಮೇಲೆ ಹುಟ್ಟಿದ ಎಷ್ಟೋ ಮಂದಿಗೆ ಹೊಸತು. ರಾತ್ರಿಪಾಳಿ ಮುಗಿಸಿ ವಿರಾರ್, ಡೊಂಬಿವಲಿಯ ಗಾಡಿ ಹಿಡಿಯುವವರಿಗೆ ಸಂಜೆಯ ಕಾರ್ಯಕ್ರಮ ಸಿಕ್ಕರೆ ಸಿಗುವುದು ಮರುಪ್ರಸಾರದಲ್ಲೇ. ‘ಮರು’ ಎಂಬುದು ನಿಲಯದ ಲೆಕ್ಕ, ಕೇಳುಗನದಲ್ಲ.

ಹಾಗೆಂದು ಆ ಲೆಕ್ಕವನ್ನು ಮುಚ್ಚಿಡಬಾರದು. ಹಳೆಯ ಸಂದರ್ಶನವನ್ನು ತಾರೀಖಿಲ್ಲದೆ ಬಿತ್ತರಿಸಿದರೆ ತೀರಿಹೋದವರು ಇನ್ನೂ ಇರುವಂತೆ, ರದ್ದಾದ ನಿಯಮ ಇನ್ನೂ ಜಾರಿಯಲ್ಲಿರುವಂತೆ ಕೇಳಿಸುತ್ತದೆ. ಕಚೇರಿಯಲ್ಲಿ ಆದೇಶದ ನಕಲು ಕಳಿಸುವಾಗ ಮೂಲದ ತಾರೀಖನ್ನು ಬಿಡುವುದಿಲ್ಲ. ಬಿಟ್ಟರೆ ಅದು ಕಡತವಲ್ಲ, ಬರಿಯ ಕಾಗದ. ‘ಇದು ಮರುಪ್ರಸಾರ, ಮೊದಲು ಬಿತ್ತರವಾದದ್ದು ಇಂಥ ದಿನ’ ಎಂದು ಉದ್ಘೋಷಕರು ಒಂದು ಮಾತು ಹೇಳಿದರೆ ಸಾಕು. ಜತೆಯಲ್ಲಿ ನಡೆಯುವುದಕ್ಕೆ ಸಹಪ್ರಸಾರ, ಮತ್ತೆ ನಡೆಯುವುದಕ್ಕೆ ಮರುಪ್ರಸಾರ ಎಂಬ ನಿಯಮವನ್ನು ನಮ್ಮ ಪತ್ರಿಕೆಗಳೂ ಸಂಘಸಂಸ್ಥೆಗಳ ವರದಿಗಳೂ ಪಾಲಿಸಲಿ. ಶಬ್ದವೂ ಉಳಿದೀತು, ಕೇಳುಗನಿಗೆ ಮೋಸವೂ ತಪ್ಪೀತು.